ರಿಷಿ ವ್ಯಾಲಿಯಿಂದ ಹೊರಡುವ ಮುನ್ನ

ಹೊಸಕೋಟೆ ದಾಟಿ ಚಿಂತಾಮಣಿಯ ದಾರಿ ಹಿಡಿದರೆ ರಸ್ತೆಯ ಎರಡೂ ಬದಿಗೆ ಮಾವಿನ ತೋಪು, ಕೋಲು ನೆಟ್ಟು ಹಬ್ಬಿಸಿದ ಟೊಮೆಟೊ ಸಾಲು. ಆಂಧ್ರದ ಗಡಿ ದಾಟಿದ್ದು ತಿಳಿಯುವುದು ಅಂಗಡಿಗಳ ಬೋರ್ಡಿನಲ್ಲಿ ಅಕ್ಷರದ ತಲೆಕಟ್ಟು ಬದಲಾದಾಗ ಮಾತ್ರ. ಮಣ್ಣು ಅದೇ ಕೆಂಪು, ಬಂಡೆಗಳೂ ಅವೇ, ಚಹಾ ಅಂಗಡಿಯ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಟೊಮೆಟೊ ಮಾರುಕಟ್ಟೆಗೆ ಹೆಸರಾದ ಮದನಪಲ್ಲೆಯಿಂದ ಮತ್ತೆ 16 ಕಿ.ಮೀ. ಹೋದರೆ ಗುಡ್ಡಗಳು ಸುತ್ತ ನಿಂತ ಕಣಿವೆಯೊಂದು ತೆರೆದುಕೊಳ್ಳುತ್ತದೆ. ರಿಷಿ ವ್ಯಾಲಿ ಶಾಲೆ ಇರುವುದು ಇಲ್ಲಿ.

ಮಾರ್ಚ್ ತಿಂಗಳ ಬಿಸಿಲು ಏರುತ್ತಿತ್ತು. ದಾರಿಯ ಹುಣಸೆ ಮರಗಳಲ್ಲಿ ಕಾಯಿ ಬಲಿತು ಒಣಗಿದ್ದವು. ಹನ್ನೆರಡನೆಯ ತರಗತಿಯವರ ಐ.ಎಸ್.ಸಿ. ಪರೀಕ್ಷೆ ಮುಗಿಯುತ್ತ ಬಂದಿತ್ತು. ಕೊನೆಯ ಪೇಪರ್ ಬರೆದು ಬಂದವರು ಹಾಸ್ಟೆಲಿನ ಜಗಲಿಯಲ್ಲಿ ಟ್ರಂಕು ಬಿಚ್ಚಿಟ್ಟು ಕೂತಿದ್ದರು. ಇನ್ನೂ ಒಂದೆರಡು ಪೇಪರ್ ಉಳಿದವರು ಪುಸ್ತಕ ಹಿಡಿದುಕೊಂಡೇ ಅವರನ್ನು ನೋಡುತ್ತಿದ್ದರು.

ಕೋಲಾರದ ಹುಡುಗಿಯೊಬ್ಬಳು ಟ್ರಂಕಿನ ಮುಚ್ಚಳದ ಒಳಮೈಗೆ ಅಂಟಿಸಿದ್ದ ಕಾಗದಗಳನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸುತ್ತಿದ್ದಳು. ಎಲ್ಲಕ್ಕಿಂತ ಮೇಲಿದ್ದದ್ದು ಈ ವರ್ಷದ ಟೈಮ್‌ಟೇಬಲ್. ಅದರ ಅಡಿಯಲ್ಲಿ ಹೋದ ವರ್ಷದ್ದು. ಅದನ್ನೂ ಕಿತ್ತ ಮೇಲೆ ನೀಲಿ ಪೆನ್ನಿನಲ್ಲಿ ಬರೆದ ಹಕ್ಕಿಗಳ ಪಟ್ಟಿ. ತೀರಾ ತಳದಲ್ಲಿ, ತಗಡಿಗೇ ಕಚ್ಚಿಕೊಂಡಂತೆ, ಬಟ್ಟೆಬರೆಯ ಲೆಕ್ಕ: ಟವೆಲ್ ಮೂರು, ಬೆಡ್‌ಶೀಟ್ ಎರಡು, ಸ್ವೆಟರ್ ಒಂದು. ಅಂಚು ಹಳದಿಯಾಗಿತ್ತು. ಗೋಂದು ಬಿಟ್ಟ ಕಡೆ ಟ್ರಂಕಿನ ತುಕ್ಕು ಕಾಗದಕ್ಕೆ ಹತ್ತಿತ್ತು.

“ಆರನೇ ಕ್ಲಾಸಿಗೆ ಬಂದಾಗ ಅಮ್ಮ ಬರೆದು ಅಂಟಿಸಿದ್ದು ಆಂಟಿ. ಮೊದಲನೇ ತಿಂಗಳು ಮಲಗೋ ಮುಂಚೆ ದಿನಾ ಇದನ್ನೇ ಓದ್ತಿದ್ದೆ. ಟವೆಲ್ ಲೆಕ್ಕ ಆದ್ರೇನು, ಅಮ್ಮನ ಅಕ್ಷರ ಅಲ್ವಾ?” ಎಂದಳು. ಕಾಗದ ಪೂರ್ತಿ ಏಳಲಿಲ್ಲ. ಅದನ್ನು ಹಾಗೇ ಬಿಟ್ಟು ಮುಚ್ಚಳ ಹಾಕಿದಳು.

ವಸತಿ ಶಾಲೆಯ ನೆನಪುಗಳು ಹೀಗೆ ಶುರುವಾಗುವುದೇ ಅಳುವಿನಿಂದ. ದಿಂಬಿಗೆ ಮುಖ ಒತ್ತಿ ಅತ್ತದ್ದು, ಮನೆಯಿಂದ ಬಂದವರು ಹಿಂತಿರುಗುವಾಗ ಕಾರಿನ ಹಿಂದೆ ಓಡಿದ್ದು, ಪಕ್ಕದ ಹಾಸಿಗೆಯವಳು ತನ್ನ ಪಾಲಿನ ಕೋಡುಬಳೆ ಕೊಟ್ಟು ಸಮಾಧಾನ ಮಾಡಿದ್ದು. ಆ ಪಕ್ಕದ ಹಾಸಿಗೆಯವಳು ಈಗ ಇವಳ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದಳು. ಒಬ್ಬಳ ಮನೆಮಾತು ಕನ್ನಡ, ಇನ್ನೊಬ್ಬಳದು ತಮಿಳು. ಜಗಳವಾಡುವುದು ಇಂಗ್ಲಿಷಿನಲ್ಲಿ, ಗುಟ್ಟು ಹೇಳುವುದು ಎರಡೂ ಮನೆಗಳ ಮಾತು ಸೇರಿಸಿ.

ಈ ಶಾಲೆಯ ಬೇರು ಜಿಡ್ಡು ಕೃಷ್ಣಮೂರ್ತಿಯವರಲ್ಲಿದೆ. ಅವರು ಹುಟ್ಟಿದ್ದು ಇದೇ ಮದನಪಲ್ಲೆಯಲ್ಲಿ, 1895ರಲ್ಲಿ. 1920ರ ದಶಕದಲ್ಲಿ ತಾವೊಂದು ಶಾಲೆ ಕಟ್ಟಬೇಕೆಂದು ಜಾಗ ಹುಡುಕುವಾಗ ಇಲ್ಲಿನ ದೊಡ್ಡ ಆಲದ ಮರ ಅವರ ಮನಸ್ಸನ್ನು ಸೆಳೆಯಿತೆಂದು ಶಾಲೆಯವರು ಹೇಳುತ್ತಾರೆ. 1929ರಲ್ಲಿ, ತಮ್ಮನ್ನು ಜಗದ್ಗುರುವೆಂದು ಕೂರಿಸಲು ಹೊರಟಿದ್ದ ಸಂಘವನ್ನು ಅವರೇ ವಿಸರ್ಜಿಸಿದರು. ಗುರುಪೀಠ ಒಲ್ಲೆನೆಂದವರು ಶಾಲೆಯನ್ನು ಮಾತ್ರ ಬಿಡಲಿಲ್ಲ. 1986ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಗೆ ಮತ್ತೆ ಮತ್ತೆ ಬಂದು ಮಕ್ಕಳೊಡನೆ ಕೂತು ಮಾತಾಡಿದರು.

ಹೋಲಿಕೆಯಿಂದ ಭಯ ಹುಟ್ಟುತ್ತದೆ, ಹೆದರಿದ ಮನಸ್ಸು ಕಲಿಯಲಾರದು ಎಂಬುದು ಅವರ ಗಟ್ಟಿ ನಿಲುವು. ಇಲ್ಲಿ ರ‍್ಯಾಂಕ್ ಇಲ್ಲ, ಬಹುಮಾನ ವಿತರಣೆಯ ಸಮಾರಂಭವಿಲ್ಲ. ಮೊದಲು ಬಂದವರ ಹೆಸರನ್ನು ಹಲಗೆಯ ಮೇಲೆ ಬರೆಯುವ ಪದ್ಧತಿಯಿಲ್ಲ. ಅಂಥ ಕಡೆ ಬೆಳೆದ ಹದಿನೇಳು, ಹದಿನೆಂಟರ ಮಕ್ಕಳು ಹೊರಡುವ ಹೊತ್ತಿಗೆ ಏನು ನೆನೆಯುತ್ತಾರೆ ಎಂಬ ಕುತೂಹಲವೇ ನನ್ನನ್ನು ಇಲ್ಲಿಗೆ ತಂದಿತ್ತು.

ಅವರ ಮಾತಿನಲ್ಲಿ ಪಾಠಕ್ಕಿಂತ ಮುಂಚೆ ಬಂದದ್ದು ದಿನಚರಿ. ಬೆಳಗಿನ ಸಭೆಯಲ್ಲಿ ಇಡೀ ಶಾಲೆ ಒಟ್ಟಿಗೆ ಕೂತು ಹಾಡುತ್ತದೆ. ಸಂಸ್ಕೃತದ ಶ್ಲೋಕ ಒಂದು ದಿನ, ಕಬೀರನ ಭಜನೆ ಇನ್ನೊಂದು ದಿನ. ಅರ್ಥ ಗೊತ್ತಾಗುವ ಮೊದಲೇ ಬಾಯಿಗೆ ಬಂದ ಹಾಡುಗಳು ಅವು. ಸ್ವರ ತಪ್ಪುವವರೂ ಸೇರಿ ಹಾಡುತ್ತಾರೆ. ತನ್ನ ದನಿ ಚೆನ್ನಾಗಿಲ್ಲವೆಂದು ಯಾರೂ ಹೇಳದೆ ಹೋದದ್ದರಿಂದಲೇ ತಾನು ಇಷ್ಟು ವರ್ಷ ಹಾಡಿದೆನೆಂದು ಬಸವನಗುಡಿಯಿಂದ ಬಂದ ಹುಡುಗನೊಬ್ಬ ಹೇಳಿದ.

ಸಂಜೆಗೆ ಅಸ್ತಾಚಲ. ಗಂಟೆ ಬಾರಿಸುತ್ತದೆ. ಆಟದ ಬಯಲಿನ ಗದ್ದಲ ತಗ್ಗುತ್ತದೆ. ಮಕ್ಕಳು ಪಡುವಣಕ್ಕೆ ಮುಖ ಮಾಡಿ, ಮುಳುಗುವ ಸೂರ್ಯನನ್ನು ನೋಡುತ್ತ ಮೌನವಾಗಿ ಕೂರುತ್ತಾರೆ. ಸಣ್ಣ ತರಗತಿಯಲ್ಲಿದ್ದಾಗ ಅದು ಬೇಸರದ ಹೊತ್ತಾಗಿತ್ತೆಂದು ಆ ಹುಡುಗ ಹೇಳಿದ. ಬಂಡೆಯ ಬಿರುಕಿನಲ್ಲಿ ಸಾಗುವ ಇರುವೆಗಳನ್ನು ಎಣಿಸಿ ಸಮಯ ಕಳೆಯುತ್ತಿದ್ದನಂತೆ. ಎದ್ದು ಹೋಗುವಂತಿಲ್ಲ, ಮಾತಾಡುವಂತಿಲ್ಲ. ಎಣಿಸುತ್ತ ಎಣಿಸುತ್ತ ಇರುವೆಗಳು ಎಲ್ಲಿಗೆ ಹೋಗುತ್ತವೆಂದು ನೋಡತೊಡಗಿದ. ಆಮೇಲೆ ಕಲ್ಲಿನ ಬಣ್ಣ ಯಾವ ಗಳಿಗೆಯಲ್ಲಿ ಬದಲಾಗುತ್ತದೆಂದು ಗಮನಿಸತೊಡಗಿದ. ಹತ್ತನೆಯ ತರಗತಿಯಲ್ಲಿ ಅವನ ಅಜ್ಜ ತೀರಿಕೊಂಡ ವಾರ ಅದೇ ಬಂಡೆಯ ಮೇಲೆ ಕೂತು ಮನಸಾರೆ ಅತ್ತ. ಪಕ್ಕದಲ್ಲಿದ್ದ ಯಾರೂ ತಿರುಗಿ ನೋಡಲಿಲ್ಲ, ಎದ್ದೂ ಹೋಗಲಿಲ್ಲ. “ಅವತ್ತು ಅವರು ಸುಮ್ಮನೆ ಕೂತಿದ್ರಲ್ಲ, ಅದಕ್ಕಿಂತ ದೊಡ್ಡ ಸಹಾಯ ನಂಗೆ ಯಾರೂ ಮಾಡಿಲ್ಲ” ಎಂದ.

ಹಕ್ಕಿಗಳ ವಿಷಯ ತೆಗೆದರೆ ಎಲ್ಲರೂ ಒಟ್ಟಿಗೆ ಮಾತಿಗಿಳಿಯುತ್ತಾರೆ. ಇದು ಮಳೆ ಕೈಕೊಡುವ ಸೀಮೆ. ಒಂದು ಕಾಲಕ್ಕೆ ಈ ಗುಡ್ಡಗಳು ಬೋಳಾಗಿದ್ದವು. ದಶಕಗಳ ಕಾಲ ಗಿಡ ನೆಟ್ಟು, ಮಳೆನೀರು ಇಂಗಿಸಿ, ದನ ಮೇಯದಂತೆ ಕಾದು ಕಣಿವೆಯನ್ನು ಹಸಿರು ಮಾಡಿದರು. ಮರ ಬಂದಲ್ಲಿಗೆ ಹಕ್ಕಿ ಬಂತು. 1991ರಲ್ಲಿ ಕಣಿವೆ ಪಕ್ಷಿಧಾಮವಾಯಿತು. ಇಲ್ಲಿನ ಹಕ್ಕಿಗಳ ಕುರಿತ ಪುಸ್ತಕವನ್ನು ಎಸ್. ರಂಗಸ್ವಾಮಿಯವರ ಜೊತೆ ಸೇರಿ ಬರೆದವರು ನಮ್ಮ ಬೆಂಗಳೂರಿನ ಪಕ್ಷಿತಜ್ಞ ಎಸ್. ಶ್ರೀಧರ್. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಷ್ಟೇ ಬದುಕುವ ಹಳದಿ ಗಂಟಲಿನ ಪಿಕಳಾರ ಇಲ್ಲಿದೆ. ನಮ್ಮ ನಂದಿಬೆಟ್ಟದಲ್ಲೂ ಇದೆ. ಕೋಲಾರದ ಹುಡುಗಿ ಅದನ್ನು ಮೊದಲು ಕಂಡದ್ದು ಎಂಟನೆಯ ತರಗತಿಯಲ್ಲಿ. ಟ್ರಂಕಿನೊಳಗಿನ ಪಟ್ಟಿಯಲ್ಲಿ ಆ ಹೆಸರಿನ ಕೆಳಗೆ ಎರಡು ಗೆರೆ ಎಳೆದಿದ್ದಳು. ನೋಡಲು ಸಿಕ್ಕ ಹಕ್ಕಿಗೆ ಮಾರ್ಕ್ಸ್ ಇರಲಿಲ್ಲ. ಆದರೂ ನಸುಕಿನಲ್ಲಿ ಎದ್ದು ಹೋಗುತ್ತಿದ್ದಳು.

ಕಷ್ಟವನ್ನೂ ಅವರು ಮುಚ್ಚಿಡಲಿಲ್ಲ. ಹೋಲಿಕೆಯಿಲ್ಲದೆ ಬೆಳೆದವರಿಗೆ ಹೋಲಿಸುವ ಲೋಕ ಎದುರಾಗುವುದು ಹನ್ನೆರಡನೆಯ ತರಗತಿಯಲ್ಲಿ. ರಜೆಗೆ ಊರಿಗೆ ಹೋದರೆ ಸೋದರತ್ತೆಯ ಮೊದಲ ಪ್ರಶ್ನೆ, ಎಷ್ಟು ಪರ್ಸೆಂಟ್? ಓರಗೆಯ ಮಕ್ಕಳು ಎರಡು ವರ್ಷದಿಂದ ಪ್ರವೇಶ ಪರೀಕ್ಷೆಯ ಕೋಚಿಂಗಿನಲ್ಲಿರುತ್ತಾರೆ. ಬೆಂಗಳೂರಿನ ಹುಡುಗ ಇನ್ನೆರಡು ತಿಂಗಳಲ್ಲಿ ಲಕ್ಷಾಂತರ ಜನರ ನಡುವೆ ಕೂತು ಅಂಥದೊಂದು ಪರೀಕ್ಷೆ ಬರೆಯಬೇಕು. ಭಯವಿಲ್ಲವೇ ಮಗಾ ಎಂದು ಕೇಳಿದೆ. ಇದೆ ಎಂದ. ಆದರೆ ಸಿಗುವ ನಂಬರು ತಾನು ಎಷ್ಟು ಓದಿದ್ದೇನೆಂದು ಹೇಳೀತೇ ಹೊರತು ತಾನು ಯಾರೆಂದು ಹೇಳಲಾರದು ಎಂದ. ಆ ಮಾತಿನಲ್ಲಿ ಬಡಾಯಿ ಇರಲಿಲ್ಲ.

ಇಂಥ ಬಾಲ್ಯ ಎಲ್ಲರಿಗೂ ಸಿಗುವುದಿಲ್ಲವೆಂಬುದು ಈ ಮಕ್ಕಳಿಗೆ ಗೊತ್ತಿದೆ. ಇದು ಖಾಸಗಿ ಶಾಲೆ. ಇದರ ಶುಲ್ಕ ಬಹುಪಾಲು ಮನೆಗಳಿಗೆ ಎಟುಕುವಂಥದ್ದಲ್ಲ. ಗೇಟಿನ ಆಚೆಗಿರುವುದು ಕಡಲೆಕಾಯಿ ಬೆಳೆದು, ಮೇಕೆ ಮೇಯಿಸಿ ಬದುಕುವ ಹಳ್ಳಿಗಳು. ಆ ಹಳ್ಳಿಗಳಿಗಾಗಿ ಶಾಲೆಯ ಗ್ರಾಮೀಣ ಶಿಕ್ಷಣ ಕೇಂದ್ರ 1980ರ ದಶಕದಿಂದ ಪುಟ್ಟ ಶಾಲೆಗಳನ್ನು ನಡೆಸುತ್ತ ಬಂದಿದೆ. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಬೇರೆ ಬೇರೆ ತರಗತಿಯ ಮಕ್ಕಳು. ಪಾಠವನ್ನು ಚಿತ್ರವಿರುವ ಕಾರ್ಡುಗಳಾಗಿ ಬಿಡಿಸಿ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುವಂತೆ ಮಾಡುವ ವಿಧಾನವನ್ನು ವೈ.ಎ. ಪದ್ಮನಾಭರಾವ್ ಮತ್ತು ರಮಾ ದಂಪತಿ ಇಲ್ಲಿ ರೂಪಿಸಿದರು.

ಕರ್ನಾಟಕಕ್ಕೆ ಈ ಕಣಿವೆ ಕೊಟ್ಟ ದೊಡ್ಡ ಕೊಡುಗೆಯೂ ಅದೇ. ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಇಲ್ಲಿಗೆ ಬಂದು ನೋಡಿ, ನಮ್ಮ ಮಕ್ಕಳಿಗೆ ಒಪ್ಪುವಂತೆ ತಿದ್ದಿಕೊಂಡು 1995ರಲ್ಲಿ ಶುರು ಮಾಡಿದ್ದು ನಲಿ-ಕಲಿ. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಕೋಲಾರದ ಹುಡುಗಿಗೆ ಇದು ಹೊಳೆದದ್ದು ಪಕ್ಕದ ಹಳ್ಳಿಯ ಶಾಲೆಗೆ ಹೋದಾಗ. ಅಲ್ಲಿನ ಪುಟಾಣಿಗಳ ಕೈಯಲ್ಲಿದ್ದಂಥವೇ ಕಾರ್ಡುಗಳನ್ನು ಅವಳು ಮುಳಬಾಗಿಲಿನ ಕಡೆ, ಚಿಕ್ಕಪ್ಪನ ಮಗಳ ಸರ್ಕಾರಿ ಶಾಲೆಯಲ್ಲಿ ಕಂಡಿದ್ದಳು. ನಾವಿಬ್ಬರೂ ಒಂದೇ ಕಡೆ ಕಲಿತ ಹಾಗಾಯ್ತು ಆಂಟಿ ಎಂದು ಹೇಳುವಾಗ ಅವಳ ಮುಖದಲ್ಲಿದ್ದ ಸಂತೋಷವನ್ನು ಬೇರೆ ಯಾವ ನೆನಪೂ ತಂದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾರುಗಳು ಬರತೊಡಗಿದವು. ಅಪ್ಪಂದಿರು ಟ್ರಂಕು ಎತ್ತಿದರು. ಸಣ್ಣ ತರಗತಿಯವರು ಆಟೋಗ್ರಾಫ್ ಪುಸ್ತಕ ಹಿಡಿದು ಓಡಿ ಬಂದರು. ಏಳನೆಯ ತರಗತಿಯ ಹುಡುಗನೊಬ್ಬ ತನ್ನ ಮಂಚದ ಪಕ್ಕದ ಕಿಟಕಿಯಲ್ಲಿ ಯಾವ ಹಕ್ಕಿ ಬರುತ್ತದೆಂದು ಹೋಗುವವರಿಂದ ಕೇಳಿ ಬರೆದುಕೊಂಡ.

ಫಲಿತಾಂಶದ ಕಾಲಕ್ಕೆ ನಮ್ಮ ಊರುಗಳಲ್ಲಿ ಮಕ್ಕಳ ಫೋಟೊ, ಅಂಕ ಹೊತ್ತ ಫ್ಲೆಕ್ಸ್‌ಗಳು ಸರ್ಕಲ್ ಸರ್ಕಲ್‌ನಲ್ಲೂ ಏಳುತ್ತವೆ. ಅದರಲ್ಲಿ ಫೋಟೊ ಇಲ್ಲದ ಮಗು ಅದೇ ದಾರಿಯಲ್ಲಿ ತಲೆ ತಗ್ಗಿಸಿ ಓಡಾಡಬೇಕು. ಗುಡ್ಡದ ನಡುವಿನ ಬಯಲು, ಹಕ್ಕಿಗಳು, ಸಂಜೆಯ ಬಂಡೆ ಎಲ್ಲ ಶಾಲೆಗೂ ದಕ್ಕಲಾರವು. ಒಂದು ಮಗುವನ್ನು ಇನ್ನೊಂದರ ಪಕ್ಕ ನಿಲ್ಲಿಸಿ ಅಳೆಯದೆ ಇರುವುದಕ್ಕೆ ಎಕರೆಗಟ್ಟಲೆ ಜಾಗ ಬೇಡ, ಶುಲ್ಕ ಬೇಡ, ಸರ್ಕಾರದ ಆದೇಶವೂ ಬೇಡ. ಬಸವನಗುಡಿಯ ಹುಡುಗ ಹಾಡಿದ್ದು, ಕೋಲಾರದ ಹುಡುಗಿ ನಸುಕಿನಲ್ಲೆದ್ದು ಹಕ್ಕಿ ಹುಡುಕಿದ್ದು ಆ ಒಂದೇ ಸ್ವಾತಂತ್ರ್ಯದಿಂದ. ಅದನ್ನು ನಮ್ಮ ಮನೆಯಲ್ಲಿ, ನಮ್ಮ ಬೀದಿಯ ಶಾಲೆಯಲ್ಲಿ ಈ ವರ್ಷದಿಂದಲೇ ಕೊಡಬಹುದು. ಸೋದರತ್ತೆ ಪರ್ಸೆಂಟ್ ಕೇಳುವ ಬದಲು, ಈ ವರ್ಷ ಏನು ನೋಡಿದೆ, ಏನು ಹಾಡಿದೆ ಎಂದು ಕೇಳಿದರೂ ಸಾಕು, ಶುರುವಾದಂತೆಯೇ.