ಲಾಠಿ ಹಿಡಿಯುವ ಕೈಗೆ ಉಸಿರಿನ ಪಾಠ

ಉದ್ರಿಕ್ತವಾದ ಗುಂಪಿನೆದುರು ನಿಂತ ಪೊಲೀಸನ ದೇಹದಲ್ಲಿ ನಡೆಯುವುದೇನು? ರಕ್ತಕ್ಕೆ ಅಡ್ರಿನಲಿನ್ ಸೇರುತ್ತದೆ, ಎದೆಬಡಿತ ಬಿರುಸಾಗುತ್ತದೆ, ಉಸಿರು ಮೊಟಕಾಗುತ್ತದೆ. ಲಾಠಿಯನ್ನು ಎತ್ತಬೇಕೆ, ಬೇಡವೆ ಎಂಬ ನಿರ್ಧಾರವೂ ಆ ಗಳಿಗೆಯಲ್ಲೇ ಆಗಬೇಕು. ಆದುದರಿಂದ ಪೊಲೀಸ್ ತರಬೇತಿಯಲ್ಲಿ ಕವಾಯತಿನೊಡನೆ ಯೋಗಾಭ್ಯಾಸಕ್ಕೂ ಎಡೆಯುಂಟು. ಚೀನಾ ದೇಶದ ತಾಯ್ ಚಿ ಎಂಬ ಮಂದಗತಿಯ ವ್ಯಾಯಾಮವೂ ಇದೇ ಬಗೆಯದು.

ಮೈಸೂರು ಸೀಮೆಗೆ ಇದು ಹೊಸತಲ್ಲ. ನಮ್ಮ ಕೃಷ್ಣರಾಜನಗರವು ಯಾರ ಹೆಸರನ್ನು ಹೊತ್ತಿದೆಯೋ ಆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1933ರಲ್ಲಿ, ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದರು. ಭಾವೀ ಸಬ್ ಇನ್‌ಸ್ಪೆಕ್ಟರುಗಳು ತರಬೇತಿ ಪಡೆಯುವ ಕರ್ನಾಟಕ ಪೊಲೀಸ್ ಅಕಾಡೆಮಿ ಇರುವುದೂ ಮೈಸೂರಿನಲ್ಲೇ.

ಉಸಿರಿಗೂ ಎದೆಬಡಿತಕ್ಕೂ ಸಂಬಂಧವೇನು? ಮಣಿಕಟ್ಟಿನ ನಾಡಿಯನ್ನು ಹಿಡಿದು ನೋಡೋಣ: ಉಸಿರೆಳೆದಾಗ ಬಡಿತ ತುಸು ಬೇಗ, ಬಿಟ್ಟಾಗ ತುಸು ನಿಧಾನ. ಕತ್ತಿನ ಧಮನಿಗಳ ಗೋಡೆಯಲ್ಲಿರುವ ನರತುದಿಗಳು ರಕ್ತದ ಒತ್ತಡವನ್ನು ಮಿದುಳಿಗೆ ತಿಳಿಸುತ್ತವೆ. ಮಿದುಳು ಬಡಿತವನ್ನು ತಿದ್ದುತ್ತದೆ. ಅದರ ಫಲ ಕಾಣಲು ಕೆಲವು ಸೆಕೆಂಡು ತಡವಾಗುವುದರಿಂದ ಒತ್ತಡವು ಸುಮಾರು 10 ಸೆಕೆಂಡಿಗೊಮ್ಮೆ ಲೋಲಕದಂತೆ ತೂಗುತ್ತದೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅದನ್ನು 6ಕ್ಕೆ ಇಳಿಸಿದರೆ ಉಸಿರೊಂದಕ್ಕೆ 10 ಸೆಕೆಂಡು; ಎರಡು ಲಯಗಳೂ ಕೂಡುತ್ತವೆ. ಉಯ್ಯಾಲೆಯನ್ನು ತಕ್ಕ ಹೊತ್ತಿಗೆ ತಳ್ಳಿದಂತಹ ಈ ಕ್ರಿಯೆಯೇ ಅನುರಣನ. ಎದೆಬಡಿತವನ್ನು ತಗ್ಗಿಸುವ ವೇಗಸ್ ನರದ ಕೆಲಸ ಇದರಿಂದ ಬಲಗೊಳ್ಳುತ್ತದೆ.

ಆದರೆ ಒಂದೇ ನೂಕಿಗೆ ಉಯ್ಯಾಲೆ ಮೇಲೇರದು. ಗಲಭೆಯ ದಿನ ಕಲಿಯಲಾಗದ ಈ ಲಯವನ್ನು ತರಬೇತಿಯ ಮೈದಾನದಲ್ಲೇ ರೂಢಿಸಿಕೊಳ್ಳಬೇಕು. ನಿದ್ರೆಗೂ ವಿಶ್ರಾಂತಿಗೂ ಇದು ಬದಲಿಯಲ್ಲ. ಕೈ ಎತ್ತುವ ಮುನ್ನ ಯೋಚಿಸಲು ಒಂದು ಉಸಿರಿನಷ್ಟು ಬಿಡುವನ್ನು ಮಾತ್ರ ಕೊಡಬಲ್ಲದು.