ನೆಲದಡಿಯ ತಂತಿಯ ಮಾರ್ದನಿ

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಈಗ ಕಣ್ಣು ಹಾಯುವವರೆಗೂ ಬಿಸಿಲು ಹಿಡಿಯುವ ಫಲಕಗಳು. ೨೦೧೮ರಲ್ಲಿ ಆರಂಭವಾಗಿ ೨೦೧೯ರ ಕೊನೆಗೆ ಪೂರ್ಣಗೊಂಡ ಈ ಸೌರ ವಿದ್ಯುತ್ ಕ್ಷೇತ್ರದ ವಿಸ್ತಾರ ಸುಮಾರು ೧೩,೦೦೦ ಎಕರೆ; ಸಾಮರ್ಥ್ಯ ೨,೦೫೦ ಮೆಗಾವ್ಯಾಟ್. ನೆಲ ಬಹುಪಾಲು ರೈತರು ಗುತ್ತಿಗೆಗೆ ಕೊಟ್ಟದ್ದು. ಮಳೆ ಕಾಣದ ಸೀಮೆಯೆಂದು ಹೆಸರಾದಲ್ಲಿ ಬಿಸಿಲೇ ಬೆಳೆಯಾಯಿತೆನ್ನಬೇಕು. ಇಂಥ ಕಡೆ ವಿದ್ಯುತ್ತನ್ನು ಸಾಗಿಸುವ ಕೇಬಲ್ಲುಗಳಲ್ಲಿ ಅನೇಕವು ನೆಲದಡಿಯಲ್ಲಿರುತ್ತವೆ. ಅವುಗಳಲ್ಲೊಂದು ಎಲ್ಲೋ ತುಂಡಾಯಿತೆನ್ನಿ, ಅಗೆಯುವುದೆಲ್ಲಿ? ಕಲ್ಲುನೆಲದಲ್ಲಿ ಗುಂಡಿಯ ಜಾಗ ತಪ್ಪಿದರೆ ಕೂಲಿಯೂ ವ್ಯರ್ಥ, ಅಷ್ಟು ಹೊತ್ತಿನ ವಿದ್ಯುತ್ತೂ ವ್ಯರ್ಥ.

ಬಂಡೆಗೆ ಎದುರಾಗಿ ನಿಂತು ಕೂಗಿದಾಗ ಮಾರ್ದನಿ ಒಂದು ಸೆಕೆಂಡಿಗೆ ಬಂದರೆ ಬಂಡೆ ಸುಮಾರು ೧೭೦ ಮೀಟರು ದೂರದಲ್ಲಿದೆ. ಶಬ್ದ ಸೆಕೆಂಡಿಗೆ ಸುಮಾರು ೩೪೦ ಮೀಟರು ಹೋಗುತ್ತದೆ. ಹೋಗಿಬಂದ ದಾರಿಯಲ್ಲಿ ಅರ್ಧ ಮಾತ್ರ ನಮ್ಮ ಲೆಕ್ಕಕ್ಕೆ. ಕೇಬಲ್ಲಿನಲ್ಲೂ ಹೀಗೆಯೇ. ಒಂದು ತುದಿಯಿಂದ ವಿದ್ಯುತ್ತಿನ ಮಿಡಿತವೊಂದನ್ನು ಕಳಿಸಿದರೆ ದೋಷವಿದ್ದ ಕಡೆಯಿಂದ ಅದು ಮರಳುತ್ತದೆ. ತುಂಡಾಗಿದ್ದರೆ ಕಳಿಸಿದ ದಿಕ್ಕಿನಲ್ಲೇ ಎದ್ದು ಬರುತ್ತದೆ; ತಂತಿಗಳು ಒಂದಕ್ಕೊಂದು ತಗುಲಿದ್ದರೆ ತಲೆಕೆಳಗಾಗಿ ಬರುತ್ತದೆ. ಪರೀಕ್ಷೆಗೆ ಮುನ್ನ ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಡಿಸಬೇಕು. ಬಿಸಿಲಿರುವ ತನಕ ಫಲಕಗಳು ಸುಮ್ಮನಿರುವುದಿಲ್ಲ.

ಯಂತ್ರ ತೋರಿಸುವ ದೂರ ನಂಬತಕ್ಕದ್ದಾಗಬೇಕಾದರೆ ಮೊದಲು ಹೇಳಿಕೊಡಬೇಕಾದದ್ದು ವೇಗ. ಬೆಳಕು ಒಂದು ಮೈಕ್ರೊಸೆಕೆಂಡಿಗೆ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೆ, ೩೦೦ ಮೀಟರು ಹೋದರೆ, ಕೇಬಲ್ಲಿನಲ್ಲಿ ಮಿಡಿತ ಅದರ ಒಂದು ಪಾಲು ಮಾತ್ರ ಹೋಗುತ್ತದೆ. ಟೆಲಿವಿಷನ್ನಿಗೆ ಬಳಸುವ ಗಟ್ಟಿ ಪಾಲಿಥೀನಿನ ಕೇಬಲ್ಲಿನಲ್ಲಿ ಆ ಪಾಲು ೦.೬೬. ನಮ್ಮ ವಿದ್ಯುತ್ ಕೇಬಲ್ಲಿನಲ್ಲಿ ಅದು ೦.೫೫ ಎಂದಿಟ್ಟುಕೊಳ್ಳೋಣ. ಮಾರ್ದನಿ ೬ ಮೈಕ್ರೊಸೆಕೆಂಡಿಗೆ ಬಂದರೆ ದೋಷ ೪೯೫ ಮೀಟರಿನಲ್ಲಿದೆ. ಯಂತ್ರವನ್ನು ೦.೬೬ರಲ್ಲೇ ಬಿಟ್ಟವನು ೫೯೪ ಮೀಟರಿನಲ್ಲಿ ಗುದ್ದಲಿ ಹಾಕುತ್ತಾನೆ! ಪುಸ್ತಕದ ಅಂಕಿಗಿಂತ, ಅದೇ ಜಾತಿಯ, ಉದ್ದ ಗೊತ್ತಿರುವ ತುಂಡಿನ ಕೊನೆಯನ್ನು ಸರಿಯಾಗಿ ತೋರಿಸುವವರೆಗೆ ವೇಗವನ್ನು ತಿದ್ದಿಕೊಳ್ಳುವುದೇ ಮೇಲು.

ಎರಡನೆಯದು ಮಿಡಿತದ ಅಗಲ. ಅಗಲವಾದ ಮಿಡಿತ ದೂರಕ್ಕೆ ಹೋಗುತ್ತದೆ, ಆದರೆ ಹತ್ತಿರದ್ದನ್ನು ನುಂಗುತ್ತದೆ. ಒಂದು ಮೈಕ್ರೊಸೆಕೆಂಡಿನ ಮಿಡಿತಕ್ಕೆ ಈ ಕೇಬಲ್ಲಿನ ಮೊದಲ ೮೦ ಮೀಟರು ಹೆಚ್ಚುಕಡಮೆ ಕಾಣದು. ಅದರ ನೂರರಲ್ಲೊಂದು ಅಗಲದ ಮಿಡಿತಕ್ಕೆ ಕುರುಡು ಒಂದು ಮೀಟರಿಗೂ ಕಡಮೆ. ಆದರೆ ಅದು ಬೇಗ ಸೊರಗುತ್ತದೆ. ಆದ್ದರಿಂದ ಕಿರಿದರಿಂದ ಆರಂಭಿಸಿ, ಏನೂ ಕಾಣದಿದ್ದರೆ ಅಗಲಿಸುತ್ತ ಹೋಗುವುದು ವಾಡಿಕೆ. ಬಹಳ ತಡೆಯುಳ್ಳ ಸೋರಿಕೆ ಮಾತ್ರ ಇಂಥ ಸಣ್ಣ ಮಿಡಿತಕ್ಕೆ ಓಗೊಡುವುದೇ ಇಲ್ಲವೆನ್ನಬಹುದು. ಅದಕ್ಕೆ ಬೇರೆ ಉಪಾಯ ಬೇಕು.

ಕೇಬಲ್ಲು ಬಿಟ್ಟು, ಅದರ ಕೊನೆಯ ಕನೆಕ್ಟರಿನಂಥ ಚಿಕ್ಕ ಭಾಗವನ್ನೇ ಪರೀಕ್ಷಿಸುವಾಗ ಪ್ರಯೋಗಾಲಯದವರು ಸಾಮಾನ್ಯವಾಗಿ ಮಿಡಿತ ಕಳಿಸದೆ, ಅನೇಕ ಆವರ್ತನಗಳನ್ನು ಒಂದೊಂದಾಗಿ ಕಳಿಸಿ, ಉತ್ತರಗಳಿಂದ ಮಾರ್ದನಿಯನ್ನು ಗಣಿತದಿಂದ ಕಟ್ಟುತ್ತಾರೆ. ರೇಡಿಯೋದ ಮುಳ್ಳನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿದಂತೆಯೇ. ಆವರ್ತನಗಳ ಹರವು ಹೆಚ್ಚಿದಷ್ಟೂ ಸೂಕ್ಷ್ಮ ಕಾಣುತ್ತದೆ: ೧,೦೦೦ ಮೆಗಾಹರ್ಟ್ಸ್ ಹರವಿದ್ದರೆ ಟೆಲಿವಿಷನ್ ಕೇಬಲ್ಲಿನಲ್ಲಿ ಸುಮಾರು ೧೦ ಸೆಂಟಿಮೀಟರು ಅಂತರದ ಎರಡು ದೋಷಗಳನ್ನು ಬೇರೆಬೇರೆಯಾಗಿ ಗುರುತಿಸಬಹುದು. ಹರವಿನ ಅಂಚುಗಳಿಂದೇಳುವ ಸುಳ್ಳು ಅಲೆಗಳನ್ನು ನಯಗೊಳಿಸಬಹುದು, ಆದರೆ ಆಗ ಈ ಸೂಕ್ಷ್ಮ ಸ್ವಲ್ಪ ಮಂಕಾಗುತ್ತದೆ. ಇನ್ನು ದೂರವನ್ನು ನಿರ್ಣಯಿಸುವುದು ಒಂದು ಆವರ್ತನಕ್ಕೂ ಮುಂದಿನದಕ್ಕೂ ಇರುವ ಹೆಜ್ಜೆ. ಅದು ೧೦ ಮೆಗಾಹರ್ಟ್ಸ್ ಆದರೆ ಲೆಕ್ಕ ೧೦ ಮೀಟರಿಗೆ ಮುಗಿದು ಮತ್ತೆ ಮೊದಲಾಗುತ್ತದೆ; ೧೨ ಮೀಟರಿನ ಮಾರ್ದನಿ ೨ ಮೀಟರಿನಲ್ಲಿ ವೇಷ ಹಾಕಿಕೊಂಡು ನಿಲ್ಲುತ್ತದೆ. ಅನುಮಾನ ಬಂದರೆ ಹೆಜ್ಜೆಯನ್ನು ಸ್ವಲ್ಪ ಬದಲಿಸಿ ನೋಡಬೇಕು. ಹತ್ತಿರದ ನಿಜವಾದ ಮಾರ್ದನಿ ಇದ್ದಲ್ಲೇ ಇರುತ್ತದೆ, ದೂರದ್ದು ಜಾಗ ಬದಲಿಸುತ್ತದೆ.