ಹಿಮ ಮುಟ್ಟದ ಕಣಿವೆಗಳಲ್ಲಿ ಜಲ್ಲಿ ರಸ್ತೆಯ ಸೈಕಲ್ ಸವಾರಿ

ಡಾಂಬರು ಕಾಣದ ಗ್ರಾಮೀಣ ರಸ್ತೆಗಳಲ್ಲಿ, ಅದಕ್ಕೆಂದೇ ರೂಪುಗೊಂಡ ಸೈಕಲ್ಲಿನ ಮೇಲೆ, ನೀರು, ಆಹಾರ, ಪಂಕ್ಚರ್ ಸಾಮಗ್ರಿಗಳನ್ನು ಜೊತೆಯಲ್ಲೇ ಹೊತ್ತು ದೀರ್ಘ ದೂರ ಕ್ರಮಿಸುವ ಹವ್ಯಾಸಕ್ಕೆ ಗ್ರಾವೆಲ್ ಸೈಕ್ಲಿಂಗ್ ಎಂದು ಹೆಸರು. ಕಳೆದ ಎರಡು ದಶಕಗಳಲ್ಲಿ ಇದು ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಿಂದ ಹೊರಟು ಜಗತ್ತಿನೆಲ್ಲೆಡೆ ಹರಡಿದ್ದು, 2022ರಲ್ಲಿ ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ಇದರ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯುವ ಮಟ್ಟಕ್ಕೆ ಬೆಳೆದಿದೆ. ಆದರೆ ಈ ಕ್ರೀಡೆಯನ್ನು ಹುಟ್ಟಿಸಿದ್ದು ಯಾವುದೇ ಸೈಕಲ್ ಕಂಪನಿಯಲ್ಲ. ರೈತರ ಓಡಾಟಕ್ಕೆಂದು ಹಾಕಿದ ಜಲ್ಲಿ ರಸ್ತೆಗಳು ಮೊದಲೇ ಇದ್ದವು, ಸವಾರರು ಆ ರಸ್ತೆಗಳನ್ನು ಹುಡುಕಿಕೊಂಡು ಹೋದರು, ಅವರಿಗೆ ತಕ್ಕ ಸೈಕಲ್ಲು ಎಲ್ಲಕ್ಕಿಂತ ಕೊನೆಗೆ ಬಂದಿತು. ಈ ಕ್ರಮವನ್ನು ಗಮನಿಸದವರಿಗೆ ಈ ಹವ್ಯಾಸ ಹೊಸ ಸರಕುಗಳ ಮಾರಾಟದಂತೆ ಕಂಡೀತು. ಗಮನಿಸಿದವರಿಗೆ ಅದು ಒಂದು ನಾಡಿನ ಮಣ್ಣು, ನೀರು ಮತ್ತು ಬೇಸಾಯದ ಚರಿತ್ರೆಯನ್ನು ಓದುವ ಬಗೆಯಾಗುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಸೈಕಲ್ ಸವಾರಿಯ ಬಹುಪಾಲು ನಡೆದದ್ದು ಮಣ್ಣು ಮತ್ತು ಜಲ್ಲಿಯ ಮೇಲೆಯೇ. 1880ರಲ್ಲಿ ಸ್ಥಾಪನೆಯಾದ ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್ ಎಂಬ ಸವಾರರ ಸಂಘವು ಒಳ್ಳೆಯ ರಸ್ತೆಗಳಿಗಾಗಿ ದೇಶವ್ಯಾಪಿ ಚಳವಳಿಯನ್ನೇ ನಡೆಸಿತು. ಮೋಟಾರು ವಾಹನಗಳಿಗಿಂತ ಮೊದಲೇ ಅಂಥ ರಸ್ತೆಗಳನ್ನು ಬೇಡಿದವರ ವಾರಸುದಾರರು, ಆ ವಾಹನಗಳ ದಟ್ಟಣೆಯಿಂದ ಪಾರಾಗಲು ಮತ್ತೆ ಜಲ್ಲಿ ರಸ್ತೆಗೆ ಮರಳಿದ್ದಾರೆ. ಅಮೆರಿಕದ ಸಾರ್ವಜನಿಕ ರಸ್ತೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇಂದಿಗೂ ಡಾಂಬರಿಲ್ಲದವು ಎಂಬುದು ಈ ಮರಳುವಿಕೆಯನ್ನು ಸಾಧ್ಯವಾಗಿಸಿದೆ. 2005ರಲ್ಲಿ ಟ್ರಾನ್ಸ್ ಅಯೋವಾ, 2006ರಲ್ಲಿ ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ ಇಂದು ಅನ್‌ಬೌಂಡ್ ಎಂದು ಕರೆಯಲಾಗುವ ಇನ್ನೂರು ಮೈಲಿಗಳ ಸ್ಪರ್ಧೆ, 2007ರಲ್ಲಿ ಮಿನ್ನೆಸೋಟದ ಅಲ್ಮಾಂಜೊ ಹೀಗೆ ಒಂದರ ಹಿಂದೊಂದು ಆರಂಭವಾದವು.

ಈ ಸವಾರಿಯ ಸೊಗಸು ಪೂರ್ಣವಾಗಿ ಕಾಣಸಿಗುವುದು ಡ್ರಿಫ್ಟ್‌ಲೆಸ್ ಎಂಬ ಪ್ರದೇಶದಲ್ಲಿ. ವಿಸ್ಕಾನ್ಸಿನ್, ಮಿನ್ನೆಸೋಟ, ಅಯೋವಾ ರಾಜ್ಯಗಳೂ ಇಲಿನಾಯ್‌ನ ಒಂದು ಮೂಲೆಯೂ ಸೇರುವೆಡೆ, ಮಿಸಿಸಿಪಿ ನದಿಯ ಇಕ್ಕೆಲಗಳಲ್ಲಿ ಇದು ಹರಡಿಕೊಂಡಿದೆ. ಹಿಮಯುಗದಲ್ಲಿ ಉತ್ತರದಿಂದ ಇಳಿದ ಹಿಮಹಾಸುಗಳು ಮಧ್ಯಪಶ್ಚಿಮದ ಬಹುಭಾಗವನ್ನು ತೀಡಿ, ತಾವು ಹೊತ್ತು ತಂದ ಕಲ್ಲುಮಣ್ಣಿನ ರಾಶಿಯಿಂದ ತಗ್ಗುಗಳನ್ನು ತುಂಬಿ ಸಮತಟ್ಟು ಮಾಡಿದವು. ಭೂವಿಜ್ಞಾನದಲ್ಲಿ ಡ್ರಿಫ್ಟ್ ಎನ್ನುವುದು ಈ ರಾಶಿಗೆ. ಕೊನೆಯ ಹಿಮಾವರಣದ ಕಾಲದಲ್ಲಿ ಹಿಮವು ಈ ಪ್ರದೇಶವನ್ನು ಬಳಸಿ ಮುಂದೆ ಸಾಗಿದ್ದರಿಂದ ಇಲ್ಲಿನ ಹೊಳೆಗಳು ಸುಣ್ಣಕಲ್ಲು ಮತ್ತು ಮರಳುಗಲ್ಲಿನ ಪದರಗಳನ್ನು ಅಡೆತಡೆಯಿಲ್ಲದೆ ಕೊರೆಯುತ್ತಲೇ ಬಂದವು. ಬೆಟ್ಟದ ನೆತ್ತಿಗೂ ಕಣಿವೆಯ ತಳಕ್ಕೂ ನೂರು, ನೂರೈವತ್ತು ಮೀಟರುಗಳ ಅಂತರವಷ್ಟೇ ಇದ್ದರೂ ಅಂಥ ಏರಿಳಿತಗಳು ಒಂದಾದ ಮೇಲೊಂದು ಬರುವುದರಿಂದ, ಎತ್ತರದ ಪರ್ವತ ಒಂದೂ ಇಲ್ಲದ ಈ ನಾಡಿನಲ್ಲಿ ಸವಾರನ ಕಾಲುಗಳು ಪರ್ವತವನ್ನು ಹತ್ತಿದಷ್ಟೇ ದಣಿಯುತ್ತವೆ.

ರಸ್ತೆಗಳ ಸ್ವರೂಪವನ್ನೂ ಇದೇ ನೆಲ ನಿರ್ಧರಿಸಿದೆ. 1785ರ ಭೂ ಕಾನೂನಿನ ಪ್ರಕಾರ ಅಮೆರಿಕದ ಪಶ್ಚಿಮದ ನೆಲವನ್ನು ಒಂದು ಮೈಲಿ ಚದರದ ತುಂಡುಗಳಾಗಿ ಅಳೆದು ಹಂಚಲಾಯಿತು. ಆ ಗಡಿಗೆರೆಗಳೇ ಮುಂದೆ ರಸ್ತೆಗಳಾದ್ದರಿಂದ ಅಯೋವಾದ ಬಯಲುಗಳಲ್ಲಿ ಜಲ್ಲಿ ರಸ್ತೆಗಳು ದಿಕ್ಸೂಚಿ ಹಿಡಿದು ಎಳೆದಂತೆ ನೇರವಾಗಿ ಸಾಗುತ್ತವೆ. ಡ್ರಿಫ್ಟ್‌ಲೆಸ್ ಪ್ರದೇಶವನ್ನು ಮುಟ್ಟುತ್ತಲೇ ಆ ಚೌಕಳಿ ಮುರಿಯುತ್ತದೆ. ಇಲ್ಲಿ ರಸ್ತೆಯು ಹೊಳೆಯ ಮಗ್ಗುಲಲ್ಲೋ ಬೆಟ್ಟದ ನೆತ್ತಿಯಲ್ಲೋ ಹೋಗಬೇಕು, ಇಲ್ಲವೇ ಇವೆರಡರ ನಡುವಿನ ಕಡಿದಾದ ಕಾಡನ್ನು ತಿರುವುಗಳಲ್ಲಿ ಏರಬೇಕು. ನೆತ್ತಿಯ ಮೇಲೆ ಬಿಸಿಲಿಗೆ ತೆರೆದ ಮೆಕ್ಕೆಜೋಳ ಮತ್ತು ಕುದುರೆಮೆಂತ್ಯದ ಹೊಲಗಳು, ಇಳಿಜಾರಿನಲ್ಲಿ ಓಕ್, ಮೇಪಲ್ ಮರಗಳ ನೆರಳು, ತಳದಲ್ಲಿ ಟ್ರೌಟ್ ಮೀನುಗಳಿರುವ ತಣ್ಣನೆಯ ತೊರೆ ಎಂಬ ಮೂರು ಬೇರೆ ಬೇರೆ ಹವೆಗಳನ್ನು ಸವಾರನು ಅರ್ಧ ಗಂಟೆಯಲ್ಲಿ ಹಾದುಹೋಗುತ್ತಾನೆ.

ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಜಲ್ಲಿ ರಸ್ತೆಗಳು ಹೆಚ್ಚಾಗಿ ಉಳಿದಿರುವುದು ಮಿನ್ನೆಸೋಟ ಮತ್ತು ಅಯೋವಾದ ಭಾಗಗಳಲ್ಲಿ. ಹೈನುಗಾರಿಕೆಗೆ ಹೆಸರಾದ ವಿಸ್ಕಾನ್ಸಿನ್‌ನಲ್ಲಿ ಹಾಲು ಕೆಡುವ ಮುನ್ನ ಡೇರಿ ಸೇರಬೇಕಾಗಿದ್ದುದರಿಂದ ಹಳ್ಳಿಯ ರಸ್ತೆಗಳಿಗೂ ಬೇಗನೆ ಡಾಂಬರು ಬಿದ್ದಿತು. ಉಳಿದೆಡೆ ಸ್ಥಳೀಯ ಗಣಿಗಳ ಸುಣ್ಣಕಲ್ಲನ್ನು ಪುಡಿಮಾಡಿ ಹರಡಿ, ಗ್ರೇಡರ್ ಎಂಬ ಯಂತ್ರದ ಅಗಲವಾದ ಅಲಗಿನಿಂದ ಆಗಾಗ ಹೆರೆದು, ಮಳೆನೀರು ಎರಡೂ ಬದಿಯ ಚರಂಡಿಗೆ ಇಳಿಯುವಂತೆ ನಡುವೆ ಉಬ್ಬು ಉಳಿಸುತ್ತಾರೆ. ಹೀಗೆ ಹೆರೆದ ಮರುದಿನ ಸಡಿಲ ಕಲ್ಲಿನಲ್ಲಿ ಚಕ್ರ ಹೂತುಕೊಳ್ಳುತ್ತದೆ; ಕೆಲವು ದಿನಗಳಲ್ಲಿ ವಾಹನಗಳ ಓಡಾಟದಿಂದ ಎರಡು ಗಟ್ಟಿ ಗೆರೆಗಳು ಮೂಡುತ್ತವೆ, ಸವಾರರು ಆ ಗೆರೆಗಳನ್ನೇ ಹಿಡಿಯುತ್ತಾರೆ. ಬೇಸಗೆಯಲ್ಲಿ ರಸ್ತೆಗೆ ಅಡ್ಡಲಾಗಿ ಮೂಡುವ ಸಣ್ಣ ಅಲೆಗಳು ಬೇರೆಯೇ ಕಾಟ. ಚಕ್ರದ ವೇಗವು ಒಂದು ಮಿತಿಯನ್ನು ದಾಟಿದೊಡನೆ ಸಣ್ಣ ಉಬ್ಬಿನ ಮೇಲೆ ಅದು ಪುಟಿದು, ಬಿದ್ದಲ್ಲಿ ಕುಳಿ ಮಾಡಿ, ಮುಂದೆ ಇನ್ನೊಂದು ಉಬ್ಬನ್ನು ಕಟ್ಟುವುದರಿಂದ ಈ ಅಲೆಗಳು ತಾವಾಗಿಯೇ ಬೆಳೆಯುತ್ತವೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ಇಂಥ ರಸ್ತೆಗೆ ಹೊಂದಿಕೊಂಡ ಸೈಕಲ್ಲು ನೋಟಕ್ಕೆ ರೇಸಿಂಗ್ ಸೈಕಲ್ಲಿನಂತೆಯೇ ಬಾಗಿದ ಹ್ಯಾಂಡಲ್ ಹೊಂದಿರುತ್ತದೆಯಾದರೂ, ಇಳಿಜಾರಿನಲ್ಲಿ ಹಿಡಿತ ಸಿಗಲೆಂದು ಆ ಹ್ಯಾಂಡಲಿನ ತುದಿಗಳು ಹೊರಕ್ಕೆ ಚಾಚಿರುತ್ತವೆ, ಎರಡು ಚಕ್ರಗಳ ನಡುವಿನ ಅಂತರ ತುಸು ಹೆಚ್ಚಿರುತ್ತದೆ, ಕೆಸರಿನಲ್ಲೂ ಕೆಲಸ ಮಾಡುವ ಡಿಸ್ಕ್ ಬ್ರೇಕುಗಳಿರುತ್ತವೆ. ಎಲ್ಲಕ್ಕಿಂತ ಮುಖ್ಯವಾದುದು ಟಯರು. ಅದರ ಅಗಲ ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್. ಒಳಗೆ ಟ್ಯೂಬಿನ ಬದಲು ದ್ರವರೂಪದ ರಬ್ಬರು ಇದ್ದು, ಮುಳ್ಳು ಅಥವಾ ಕಲ್ಲಿನಿಂದ ತೂತಾದರೆ ಅದು ಅಲ್ಲಿಯೇ ಹೆಪ್ಪುಗಟ್ಟಿ ಗಾಳಿಯನ್ನು ತಡೆಯುತ್ತದೆ. ಗಟ್ಟಿಯಾಗಿ ಗಾಳಿ ತುಂಬಿದಷ್ಟೂ ವೇಗ ಹೆಚ್ಚುತ್ತದೆಂಬ ಹಳೆಯ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. ಒರಟು ನೆಲದಲ್ಲಿ ಗಟ್ಟಿ ಟಯರು ಪ್ರತಿ ಕಲ್ಲಿಗೂ ಇಡೀ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತಿ ಕುಕ್ಕುವುದರಿಂದ ಶಕ್ತಿ ದೇಹದ ನಡುಕದಲ್ಲಿ ವ್ಯರ್ಥವಾಗುತ್ತದೆ. ಮೆದು ಟಯರು ಕಲ್ಲನ್ನು ತನ್ನೊಳಗೆ ಒತ್ತಿಕೊಂಡು ಮುಂದೆ ಸಾಗುತ್ತದೆ. ಆದರೆ ಕನಿಷ್ಠ ನಿರ್ವಹಣೆಯ ರಸ್ತೆ ಎಂಬ ಫಲಕವಿರುವ ಬರೀ ಮಣ್ಣಿನ ದಾರಿಗಳಲ್ಲಿ ಮಳೆಯಾದ ಮೇಲೆ ಯಾವ ಟಯರೂ ನಡೆಯದು. ಗಾಳಿ ತಂದು ಹಾಕಿದ ಆ ನಯವಾದ ಮಣ್ಣು ಚಕ್ರಕ್ಕೂ ಫ್ರೇಮಿಗೂ ನಡುವೆ ಮೆತ್ತಿಕೊಂಡು ಗೇರಿನ ಭಾಗಗಳನ್ನೇ ಮುರಿಯಬಲ್ಲುದಾದ್ದರಿಂದ, ಅನುಭವಿಗಳು ಸೈಕಲ್ಲನ್ನು ಹೆಗಲಿಗೇರಿಸಿ ಹುಲ್ಲಿನ ಅಂಚಿನಲ್ಲಿ ನಡೆಯುತ್ತಾರೆ.

ಡಾಂಬರು ಹೆಚ್ಚಿರುವ ವಿಸ್ಕಾನ್ಸಿನ್ ಈ ಹವ್ಯಾಸಕ್ಕೆ ಕೊಟ್ಟ ಕೊಡುಗೆ ಬೇರೊಂದು ಬಗೆಯದು. ರೈಲ್ವೆ ಕಂಪನಿಯು 1960ರ ದಶಕದಲ್ಲಿ ಕೈಬಿಟ್ಟ ಎಲ್ರಾಯ್‌–ಸ್ಪಾರ್ಟಾ ಮಾರ್ಗವನ್ನು ರಾಜ್ಯ ಸರ್ಕಾರ ಕೊಂಡು, ಹಳಿಗಳಿದ್ದ ಜಾಗದಲ್ಲಿ ಸುಣ್ಣಕಲ್ಲಿನ ಸಣ್ಣ ಜಲ್ಲಿ ಹಾಸಿ ಸೈಕಲ್ ಹಾದಿಯಾಗಿ ಪರಿವರ್ತಿಸಿತು. ಸುಮಾರು 32 ಮೈಲಿ ಉದ್ದದ ಈ ಹಾದಿ, ರೈಲುಮಾರ್ಗಗಳನ್ನು ಸಾರ್ವಜನಿಕ ಹಾದಿಗಳಾಗಿಸುವ ಪರಿಪಾಠಕ್ಕೆ ಅಮೆರಿಕದಲ್ಲಿ ಮೊದಮೊದಲ ಮಾದರಿಗಳಲ್ಲೊಂದು. ಬೆಟ್ಟಗಳನ್ನು ಕೊರೆದು 1870ರ ದಶಕದಲ್ಲಿ ಮಾಡಿದ ಮೂರು ಸುರಂಗಗಳು ಇದರಲ್ಲಿವೆ. ನಾರ್ವಾಕ್ ಮತ್ತು ಸ್ಪಾರ್ಟಾ ಊರುಗಳ ನಡುವಿನ ಮೂರನೆಯದು 3,810 ಅಡಿ ಉದ್ದವಿದ್ದು, ನಡುವೆ ನಿಂತರೆ ಕೈ ಕಾಣದಷ್ಟು ಕತ್ತಲು. ಮೇಲಿನಿಂದ ನೀರು ಸದಾ ತೊಟ್ಟಿಕ್ಕುವುದರಿಂದ ಸವಾರರು ಇಳಿದು, ದೀಪ ಹಿಡಿದು, ಸೈಕಲ್ಲನ್ನು ತಳ್ಳಿಕೊಂಡು ದಾಟಬೇಕು. ಸುರಂಗಗಳ ಬಾಯಿಗೆ ದೊಡ್ಡ ಮರದ ಬಾಗಿಲುಗಳಿವೆ. ಜಿನುಗಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲನ್ನು ಸೀಳದಿರಲೆಂದು ಇವನ್ನು ಮುಚ್ಚುತ್ತಿದ್ದು, ರೈಲುಗಳಿದ್ದ ಕಾಲದಲ್ಲಿ ಪ್ರತಿ ಗಾಡಿಗೂ ತೆಗೆದು ಹಾಕಲು ಕಾವಲುಗಾರರನ್ನೇ ನೇಮಿಸಲಾಗಿತ್ತು. ಕಠಿಣ ಏರುಗಳಿಲ್ಲದ ಈ ಹಾದಿಯನ್ನು ಪಳಗಿದ ಸವಾರರು ಕೆಲವೊಮ್ಮೆ ಕಡೆಗಣಿಸುವುದುಂಟು. ಮಕ್ಕಳೂ ವೃದ್ಧರೂ ಸುರಕ್ಷಿತವಾಗಿ ಕಾಡಿನ ಬೆಟ್ಟಗಳ ಒಡಲನ್ನು ಹಾಯಬಹುದಾದ ಇಂಥ ದಾರಿಯೇ ಈ ಕ್ರೀಡೆಯ ಅತ್ಯಂತ ಉದಾರ ರೂಪವೆಂದು ಹೇಳಲೇಬೇಕು.

ಸವಾರನ ಕಣ್ಣಿಗೆ ಅನಾದಿಯೆಂಬಂತೆ ಕಾಣುವ ಇಳಿಜಾರಿನ ಕಾಡುಗಳಿಗೂ ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ವಲಸಿಗರು ಬೆಟ್ಟದ ಮೇಲಿನಿಂದ ಕೆಳಕ್ಕೆ ಉತ್ತು, ಇಳಿಜಾರಿನ ಕಾಡಿನಲ್ಲಿ ದನ ಮೇಯಿಸಿದ್ದರಿಂದ ಮೇಲ್ಮಣ್ಣು ಕೊಚ್ಚಿಹೋಗಿ ಕಣಿವೆಗಳು ಹೂಳಿನಿಂದ ತುಂಬಿದವು. 1933ರಲ್ಲಿ ವಿಸ್ಕಾನ್ಸಿನ್‌ನ ಕೂನ್ ವ್ಯಾಲಿಯಲ್ಲಿ ಅಮೆರಿಕದ ಮೊದಲ ಜಲಾನಯನ ಮಟ್ಟದ ಮಣ್ಣು ಸಂರಕ್ಷಣಾ ಯೋಜನೆ ಆರಂಭವಾಯಿತು. ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಅದರಲ್ಲಿ ಆಸಕ್ತಿ ವಹಿಸಿ ಬರೆದರು. ನೂರಾರು ರೈತರು ಬೆಟ್ಟಕ್ಕೆ ಅಡ್ಡಲಾಗಿ ಪಟ್ಟೆ ಪಟ್ಟೆಯಾಗಿ ಬೆಳೆಯಿಟ್ಟರು, ಕಡಿದಾದ ಕಾಡಿಗೆ ಬೇಲಿ ಹಾಕಿ ದನಗಳನ್ನು ಹೊರಗಿಟ್ಟರು. ಇಂದಿನ ನೆರಳಿನಲ್ಲಿ ಆ ತಲೆಮಾರಿನ ರೈತರ ಪಾಲು ದೊಡ್ಡದು.

ಸಮೀಪದ ಕಿಕಪೂ ನದಿಯ ಕಥೆ ಇನ್ನಷ್ಟು ತೊಡಕಿನದು. ಅಂಕುಡೊಂಕಿಗೆ ಹೆಸರಾದ ಈ ನದಿಗೆ ಲಾ ಫಾರ್ಜ್ ಬಳಿ ಅಣೆಕಟ್ಟು ಕಟ್ಟಲು ನೂರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಲಾಯಿತು. 1971ರಲ್ಲಿ ಶುರುವಾದ ಕೆಲಸ, ವೆಚ್ಚ ಮತ್ತು ಪರಿಸರದ ಪ್ರಶ್ನೆಗಳಿಂದಾಗಿ 1975ರಲ್ಲಿ ನಿಂತೇಹೋಯಿತು. ಮನೆಗಳೂ ಹೋದವು, ಜಲಾಶಯವೂ ಬರಲಿಲ್ಲ. ಸುಮಾರು 8,600 ಎಕರೆಯ ಆ ನೆಲ ಈಗ ಕಿಕಪೂ ವ್ಯಾಲಿ ರಿಸರ್ವ್ ಎಂಬ ಸಂರಕ್ಷಿತ ಪ್ರದೇಶವಾಗಿದ್ದು, ಅಲ್ಲಿನ ಮೂಲನಿವಾಸಿಗಳಾದ ಹೊ-ಚಂಕ್ ಜನರೂ ರಾಜ್ಯವೂ ಸೇರಿ ಅದನ್ನು ನೋಡಿಕೊಳ್ಳುತ್ತಾರೆ. ವಾಹನಗಳಿಲ್ಲದ ಹಳೆಯ ಹೆದ್ದಾರಿಯ ತುಣುಕೊಂದು ಅಲ್ಲಿ ಸವಾರರಿಗೂ ನಡೆಯುವವರಿಗೂ ಮೀಸಲಾಗಿದೆ. ಆ ದಾರಿಯಲ್ಲಿ ಸಾಗುವವರು ಮನೆ ಬಿಟ್ಟು ಹೋದವರನ್ನು ಅರಿತು ಸಾಗುವುದು ಯೋಗ್ಯ.

ಸ್ಪರ್ಧೆಗಳ ವಿಷಯದಲ್ಲಿಯೂ ಈ ಪ್ರದೇಶ ಒಂದು ದೊಡ್ಡ ಮಾದರಿಯನ್ನು ಹಾಕಿಕೊಟ್ಟಿತು. ಕ್ರಿಸ್ ಸ್ಕೋಗನ್ ಆರಂಭಿಸಿದ ಅಲ್ಮಾಂಜೊ ಎಂಬ ನೂರು ಮೈಲಿಗಳ ಸವಾರಿಗೆ ಪ್ರವೇಶ ಶುಲ್ಕವಿರಲಿಲ್ಲ. ಭಾಗವಹಿಸಬಯಸುವವರು ಅಂಚೆ ಕಾರ್ಡೊಂದನ್ನು ಬರೆದು ಹಾಕಿದರೆ ಸಾಕಾಗಿತ್ತು. ಅದು ಬಹುಕಾಲ ಹೊರಡುತ್ತಿದ್ದ ಸ್ಪ್ರಿಂಗ್ ವ್ಯಾಲಿ, ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಅವರ ಪತಿ ಅಲ್ಮಾಂಜೊ ಅವರ ಕುಟುಂಬ ನೆಲೆಸಿದ್ದ ಊರು. ಕನ್ನಡಕ್ಕೂ ಅನುವಾದಗೊಂಡಿರುವ ಲಾರಾ ಅವರ ಪುಸ್ತಕಗಳಲ್ಲಿ ಬರುವ ದೊಡ್ಡ ಕಾಡು ಕೂಡ ಇದೇ ಸೀಮೆಯ ಉತ್ತರದಂಚಿನ ಪೆಪಿನ್ ಬಳಿಯದು. ಇಂದು ದುಬಾರಿ ಶುಲ್ಕವೂ ವೃತ್ತಿಪರ ತಂಡಗಳೂ ಈ ಕ್ರೀಡೆಗೆ ಬಂದಿವೆ. ಅದರಿಂದ ವೇಗ ಹೆಚ್ಚಿದೆ, ಸೈಕಲ್ಲುಗಳು ಉತ್ತಮಗೊಂಡಿವೆ. ಆದರೂ ಶುಲ್ಕವಿಲ್ಲದೆ ಅಪರಿಚಿತರನ್ನು ಒಂದೇ ರಸ್ತೆಗೆ ಕರೆದ ಆ ಮೊದಲ ವರ್ಷಗಳ ಕ್ರಮವೇ ಜಲ್ಲಿ ರಸ್ತೆಯ ಸ್ವಭಾವಕ್ಕೆ ಹೆಚ್ಚು ಹೊಂದುವಂಥದು, ಏಕೆಂದರೆ ಆ ರಸ್ತೆಗಳೆಲ್ಲ ಹಳ್ಳಿಗರ ತೆರಿಗೆಯಿಂದ ನಡೆಯುವ ಸಾರ್ವಜನಿಕ ಸ್ವತ್ತು.

ಪ್ರಯಾಣ ಬೆಳೆಸುವವರಿಗೆ ಮೇ ಮಧ್ಯದಿಂದ ಅಕ್ಟೋಬರ್‌ವರೆಗಿನ ಕಾಲ ಅನುಕೂಲ. ವಸಂತದ ಆರಂಭದಲ್ಲಿ ಹಿಮ ಕರಗುವಾಗ ಜಲ್ಲಿ ರಸ್ತೆಗಳು ಒಳಗಿನಿಂದಲೇ ಮೆತ್ತಗಾಗಿರುತ್ತವೆ, ಆಗ ಅವುಗಳ ಮೇಲೆ ಹೋದರೆ ಗುಂಡಿ ಬೀಳುತ್ತದೆ. ಎಲ್ರಾಯ್‌–ಸ್ಪಾರ್ಟಾ ಹಾದಿಯಲ್ಲಿ 16 ವರ್ಷ ತುಂಬಿದ ಸೈಕಲ್ ಸವಾರರು ರಾಜ್ಯದ ಪಾಸನ್ನು ಕೊಳ್ಳಬೇಕು. ದೀಪದ ಜೊತೆಗೆ ಬೇಸಗೆಯಲ್ಲಿಯೂ ಒಂದು ಬೆಚ್ಚನೆಯ ಅಂಗಿಯನ್ನು ಒಯ್ಯಬೇಕು, ಏಕೆಂದರೆ ಹೊರಗೆ ಎಷ್ಟೇ ಸೆಕೆಯಿದ್ದರೂ ಸುರಂಗದ ಒಳಗೆ ಚಳಿಯಿರುತ್ತದೆ.